ಎರಡು ಗಂಟೆ ನಲವತ್ತು ನಿಮಿಷ

"ಇದಕ್ಕೆ ಇನ್ನೂ ಎಷ್ಟು ಏಟು ಕೊಡಬೇಕು?"

ಕೌಂಟರಿನ ಅಕ್ಕ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಆಗ ಮುಂದಿನ ಕೋಣೆಯಲ್ಲಿ ಕುಳಿತಿದ್ದವರು ಇಬ್ಬರು, ಇಬ್ಬರ ಬಾಯಲ್ಲೂ ಹತ್ತಿ. ನಾನು ಪ್ಲೈವುಡ್ ಗೋಡೆಯ ಈಚೆಗಿದ್ದೆ, ಕೈಯಲ್ಲಿ ಮೂರನೆಯವರೊಬ್ಬರ ದವಡೆಯ ಅಚ್ಚು. ಉತ್ತರ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಏಟು ತಿನ್ನುತ್ತಿದ್ದದ್ದು ಮುದುಕ. ಮುದುಕ ಎಂದರೆ ನಮ್ಮ ಹಲ್ಲಿನ ಆಸ್ಪತ್ರೆಯ ಕಂಪ್ಯೂಟರು. ಹದಿನಾಲ್ಕು ವರ್ಷದ ಜೀವ. ಮೊದಲೆಲ್ಲ ಎಡ ಪಕ್ಕೆಗೆ ಎರಡು ಏಟು ಬಿದ್ದರೆ ಎಚ್ಚರವಾಗುತ್ತಿತ್ತು. ಆಮೇಲೆ ನಾಲ್ಕಾಯಿತು. ಆ ಶನಿವಾರ ನಾನು ಎಣಿಸಿದಂತೆ ಒಂಬತ್ತು.

ಎಣಿಸಿದ್ದು ಕೆಲಸವಿಲ್ಲದೆ ಅಲ್ಲ. ನಾನು ಇಲ್ಲಿ ಕಟ್ಟುಹಲ್ಲು ಮಾಡುವವನು. ಹಿಂದಿನ ಕೋಣೆಯಲ್ಲಿ ಮೇಣ, ಸುಣ್ಣದ ಪುಡಿ, ಬೋಳು ದವಡೆಗಳ ನಡುವೆ ಕೂರುತ್ತೇನೆ. ಬಾಯಿ ತೆರೆಯುವುದು ಇಲ್ಲಿಗೆ ಬರುವವರ ಕೆಲಸ, ನನ್ನದಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಬೆಳಗಿನ ಹೊತ್ತು ಪದ್ಯ ಓದುವಾಗ ಕಂಬಕ್ಕೊರಗಿ ಕೇಳುತ್ತಿದ್ದೆ. ಒಂದು ಮಾತ್ರೆ ತಪ್ಪಿದರೂ ಗೊತ್ತಾಗುವ ಕಿವಿ ಅದು. ಈಗ ಅದೇ ಕಿವಿಗೆ ದೇವರು ಪ್ಲೈವುಡ್ಡನ್ನು ಕರುಣಿಸಿದ್ದಾನೆ, ಕಣ್ಣಿಗೆ ಅದರಲ್ಲೊಂದು ಸೀಳನ್ನು.

ಗೋಡೆಯಾಚೆಯ ಲೋಕದಲ್ಲಿ ಮೂವರು. ಡಾಕ್ಟರು ಹೆಂಗಸು, ಮಾತು ಕಡಿಮೆ, ಇಕ್ಕಳ ಜಾಸ್ತಿ. ಅವರ ಗಂಡ ಆಸ್ಪತ್ರೆಯ ಮೇಲ್ವಿಚಾರಕರು. ಗಂಡನ ಅಕ್ಕ ಕೌಂಟರಿನಲ್ಲಿ. ಬಂದವರಿಗೆಲ್ಲ ಅವರು ಅಕ್ಕನೇ. ಗಂಡನಿಗೆ ರೋಗಿಗಳು ಇಟ್ಟ ಹೆಸರು ಸರಿಮಾಡಪ್ಪ. ನಲ್ಲಿ ತೊಟ್ಟಿಕ್ಕಲಿ, ಬಾಗಿಲು ಕಿರುಗುಟ್ಟಲಿ, "ಬಿಡಿ, ನಾನು ಸರಿ ಮಾಡ್ತೀನಿ" ಎಂದು ಬರುತ್ತಿದ್ದರು. ಅವರು ಬಂದು ಹೋದ ಮೇಲೆ ನಲ್ಲಿ ಕಿರುಗುಟ್ಟುತ್ತಿತ್ತು, ಬಾಗಿಲು ತೊಟ್ಟಿಕ್ಕುತ್ತಿತ್ತು.

ಮುದುಕನ ವಿಷಯಕ್ಕೆ ಬರೋಣ. ರೋಗಿಗಳ ಸರದಿಯೆಲ್ಲ ಅವನ ಹೊಟ್ಟೆಯಲ್ಲಿತ್ತು. ಇಂಥವರಿಗೆ ಇಷ್ಟು ಗಂಟೆ ಎಂದು ಚೀಟಿ ಅಚ್ಚು ಹಾಕುವವನು ಅವನೇ, ಆ ಹೊತ್ತಿಗೆ ಹೆಸರು ಕರೆಯುವವನೂ ಅವನೇ. ಕರೆದವರ ಎಕ್ಸ್‌ರೇ ಮಾತ್ರ ಒಳಗೆ ಡಾಕ್ಟರ ಪರದೆಯಲ್ಲಿ ತೆರೆಯುತ್ತಿತ್ತು. ಕರೆದು ಕಾಲುಗಂಟೆಯಾದರೂ ಬಾರದವರಿಗೆ ಒಂದು ಕಾಗದ ಅಚ್ಚಾಗುತ್ತಿತ್ತು: "ನೀವು ಸಮಯಕ್ಕೆ ಬಾರದ ಕಾರಣ ಸರದಿ ರದ್ದಾಗಿದೆ. ಮುಂದಿನ ಸರದಿ ಆರು ವಾರಗಳ ನಂತರ. ನಿಮ್ಮ ನಗು ನಮಗೆ ಮುಖ್ಯ."

ಎಲ್ಲ ಸರಿ, ಮುದುಕನ ಗಡಿಯಾರ ಮಾತ್ರ ಎರಡು ಗಂಟೆ ನಲವತ್ತು ನಿಮಿಷ ಹಿಂದಿತ್ತು. ಆರು ವರ್ಷದಿಂದ ಹಿಂದಿತ್ತು. ಹಾಗಾಗಿ ಹನ್ನೊಂದು ಗಂಟೆಗೆ ಬರಬೇಕಾದವರ ಚೀಟಿಯಲ್ಲಿ ಎಂಟು ಇಪ್ಪತ್ತು ಎಂದಿರುತ್ತಿತ್ತು. ಅಕ್ಕ ಚೀಟಿ ಹರಿದು ಕೊಡುವಾಗ ಒಂದೇ ಮಾತು ಹೇಳುತ್ತಿದ್ದರು: "ಕೂಡಿಸ್ಕೊಳ್ಳಿ." ಜನ ಕೂಡಿಸಿಕೊಂಡು ಬರುತ್ತಿದ್ದರು. ಹೊಸಬರಿಗೆ ಹಳಬರು ಬೆಂಚಿನ ಮೇಲೆ ಪಾಠ ಹೇಳುತ್ತಿದ್ದರು. ಗಡಿಯಾರವನ್ನೇ ಯಾಕೆ ಸರಿ ಮಾಡಬಾರದು ಎಂದು ನಾನೊಮ್ಮೆ ಕೇಳಿದ್ದೆ. ಅಕ್ಕ ಹೇಳಿದ್ದರು: "ಯಾವತ್ತು ನೋಡಿದ್ರೂ ಹೊರಗೆ ಇನ್ನೂರು ಜನರ ಕೈಲಿ ಚೀಟಿ ಇರುತ್ತೆ. ಗಡಿಯಾರ ಸರಿ ಆದ್ರೆ ಇನ್ನೂರು ಜನ ತಪ್ಪಾಗ್ತಾರೆ. ಅದೊಂದೇ ತಪ್ಪಾಗಿರ್ಲಿ ಬಿಡು." ಇದಕ್ಕಿಂತ ಒಳ್ಳೆಯ ಧರ್ಮಸೂಕ್ಷ್ಮ ನಾನು ಪದ್ಯದಲ್ಲೂ ಕೇಳಿಲ್ಲ.

ಒಂಬತ್ತನೆಯ ಏಟಿಗೆ ಸರಿಮಾಡಪ್ಪ ಬಂದರು.

"ಬಿಡಕ್ಕ, ನಾನು ಸರಿ ಮಾಡ್ತೀನಿ."

ನಾನು ಮೇಣದ ಬಟ್ಟಲು ಕೆಳಗಿಟ್ಟು ದೇವರನ್ನು ನೆನೆದೆ. ದೇವರು ಬೇರೆ ಕಡೆ ಇದ್ದ.

ಮಧ್ಯಾಹ್ನಕ್ಕೆ ಕಂಪ್ಯೂಟರ್ ಅಂಗಡಿಯವನು ಹೊಸ ಪೆಟ್ಟಿಗೆ ಹೊತ್ತು ಬಂದ. ಆತ ಒಳ್ಳೆಯವನು, ಆದ್ದರಿಂದ ನಿಜ ಹೇಳಿದ. "ಸಾರ್, ಹಳೇ ಸಿಸ್ಟಮನ್ನ ಇದ್ದ ಹಾಗೇ ಕಿತ್ತು ಹೊಸ ಮೆಷಿನ್ನಿಗೆ ಹಾಕಿದ್ರೆ ಏಳೋದು ಕಷ್ಟ. ಹೊಸದಾಗೇ ಹಾಕ್ಸಿ."

"ಹೊಸದ್ರಲ್ಲಿ ನಮ್ಮ ಚೀಟಿ ಪ್ರೋಗ್ರಾಂ ನಡೆಯುತ್ತಾ?"

"ನಡೆಯಲ್ಲ. ಅದನ್ನ ಮಾಡಿದ ಕಂಪನಿನೇ ಈಗಿಲ್ಲ."

"ಹಾಗಾದ್ರೆ ಹಳೇದೇ ಬರ್ಬೇಕು. ಮನೆ ಬದಲಾಯ್ಸೋವಾಗ ಅಮ್ಮನ್ನ ಹಳೇ ಮನೇಲಿ ಬಿಟ್ಟು ಹೋಗ್ತೀರಾ ನೀವು?"

ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟ. "ಅಮ್ಮ ಗೋಡೆಗೆ ಅಂಟ್ಕೊಂಡಿದ್ರೆ ಏನ್ ಮಾಡೋದು ಸಾರ್?"

"ನೀವು ಹೋಗಿ. ನಾನು ಸರಿ ಮಾಡ್ತೀನಿ."

ಅವನು ಹೋದ ಮೇಲೆ ಸರಿಮಾಡಪ್ಪ ಹೆಂಡತಿಯ ಕೋಣೆಗೆ ನುಗ್ಗಿ, ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದವರ ಎದುರಿಗೇ ಹೇಳಿದರು: "ಇನ್ಮೇಲೆ ಚೀಟೀಲಿ ಏನಿದ್ಯೋ ಅದೇ ಟೈಮು. ಅಕ್ಕನಿಗೆ ಅದೇನೋ ಕೂಡಿಸ್ಕೊಳ್ಳಿ ಕೂಡಿಸ್ಕೊಳ್ಳಿ ಅನ್ನೋ ಚಟ ಅಂಟಿದೆ, ಜನರ ತಲೆ ತಿಂತಾಳೆ. ಹೊಸದು ಬಂತಲ್ಲ, ಕೌಂಟರಲ್ಲಿ ಯಾರು ಕೂತ್ರೂ ನಡೆಯುತ್ತೆ. ಅವಳು ಮನೇಲಿ ಆರಾಮಾಗಿರ್ಲಿ."

ಪ್ಲೈವುಡ್ಡು ನನಗೊಬ್ಬನಿಗೇ ಅಲ್ಲವಲ್ಲ. ಕೌಂಟರಿನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಕುರ್ಚಿಯ ಮೇಲಿನ ದಿಂಬು ಎತ್ತಿಕೊಂಡರು, ಕನ್ನಡಕದ ಡಬ್ಬಿ ಎತ್ತಿಕೊಂಡರು, ಬಾಗಿಲು ದಾಟಿದರು. ಹದಿಮೂರು ವರ್ಷದ ಕುರ್ಚಿ ಅದು. ಮನೆಯಲ್ಲಿ ಅವರಿಗೆ ಆರಾಮಾಗಿರಲು ಇದ್ದದ್ದು ಒಂದು ಕಿಟಕಿ, ಒಂದು ರೇಡಿಯೋ. ಈ ಕುರ್ಚಿಯಲ್ಲಿ ಕೂತರೆ ಸುತ್ತಲಿನ ಹತ್ತು ಬೀದಿಯ ಹಲ್ಲುಗಳೆಲ್ಲ ಅಕ್ಕಾ ಎನ್ನುತ್ತಿದ್ದವು. ಆ ಕುರ್ಚಿ ಹೋದರೆ ಅವರಿಗೆ ಏನುಳಿಯುತ್ತದೆ ಎಂಬುದು ಅವರ ತಮ್ಮನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ನಾನು ಬಾಯಿ ಬಿಡಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಇದೆ.

ಭಾನುವಾರ ಬೆಳಿಗ್ಗೆ ಪರಕಾಯ ಪ್ರವೇಶ ಆರಂಭವಾಯಿತು. ಒಂದು ಸೆಟ್ಟು ಹಲ್ಲು ಮುಗಿಸುವುದಿತ್ತೆಂದು ನಾನೂ ಬಂದಿದ್ದೆ. ಸರಿಮಾಡಪ್ಪ ಮುದುಕನ ಎದೆ ಬಿಚ್ಚಿ, ಒಳಗಿನ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸ ಮೈಗೆ ಇಳಿಸಿ, ಗುಂಡಿ ಒತ್ತಿದರು. ನೀಲಿ ಪರದೆ ಬಂತು. ಮತ್ತೆ ಒತ್ತಿದರು. ಮತ್ತೆ ನೀಲಿ.

"ಇಷ್ಟು ವರ್ಷ ಕರೆಂಟು ಕುಡಿಸಿದ್ದು ಯಾರು ನಿಂಗೆ? ನಿಮ್ಮಪ್ಪನಾ?" ಎಂದು ಅವರು ಪರದೆಯನ್ನು ಕೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಹನ್ನೊಂದು ಸಲ ಬೈಗುಳ ತಿಂದ ಮೇಲೆ ಮುದುಕ ಕಣ್ಣು ಬಿಟ್ಟ. ಬಿಟ್ಟವನು ತನ್ನನ್ನು ತಾನೇ ಗುರುತಿಸಲಿಲ್ಲ. ಇದು ನಾನಿದ್ದ ಯಂತ್ರವಲ್ಲ, ನೀವು ಕದ್ದು ತಂದಿರಬಹುದು, ಕಂಪನಿಗೆ ಫೋನು ಮಾಡಿ ಈ ಕೆಳಗಿನ ಸಂಖ್ಯೆ ಒಪ್ಪಿಸಿ ಎಂದ. ಸಂಖ್ಯೆ ಎಂದರೆ ಸಾಮಾನ್ಯವಲ್ಲ. ಆರಾರು ಅಂಕಿಯ ಒಂಬತ್ತು ಗುಂಪು. ಫೋನಿನಲ್ಲಿ ಮೊದಲೇ ಮುದ್ರಿಸಿಟ್ಟ ಹೆಣ್ಣುದನಿ.

ಮೊದಲ ಸಲ ಮೂರನೆಯ ಗುಂಪಿಗೇ ಎಡವಿದರು. "ಕ್ಷಮಿಸಿ, ಮೊದಲಿನಿಂದ ಹೇಳಿ" ಎಂದಿತು ದನಿ. ಎರಡನೆಯ ಸಲ ಏಳನೆಯ ಗುಂಪನ್ನೂ ಮುಗಿಸಿ, ಎಂಟನೆಯದರಲ್ಲಿ ಕನ್ನಡಕ ಜಾರಿ ಎಡವಿದರು. "ಕ್ಷಮಿಸಿ." "ನೀನ್ಯಾವಳೇ ನನ್ನ ಕ್ಷಮಿಸೋಕೆ" ಎಂದರು. ದನಿ ಆ ಅಂಕಿಯನ್ನೂ ಒಪ್ಪಲಿಲ್ಲ.

ನನ್ನ ತಪ್ಪು ಇಲ್ಲಿಂದ ಶುರು. ಒಂದು ಸಲ ಕಿವಿಗೆ ಬಿದ್ದದ್ದು ನನಗೆ ಬಾಯಿಪಾಠ. ಅಜ್ಜಿ ಮಾಡಿಹೋದ ಉಪಕಾರ. ಆರಾರು ಅಂಕಿ, ಕೊನೆಯಲ್ಲಿ ಒಂದು ತಡೆ, ಒಳ್ಳೆಯ ನಡೆ ಇತ್ತು ಅದಕ್ಕೆ. ಮೂರನೆಯ ಸಲ ಅವರು ಏಳನೆಯ ಗುಂಪಿನಲ್ಲಿ ತಡವರಿಸಿದಾಗ ಗೋಡೆಯ ಈಚೆಯಿಂದ ನಾನು ಎತ್ತಿಕೊಟ್ಟೆ. ಉಳಿದೆರಡು ಗುಂಪನ್ನು ಮುದುಕನ ಪರದೆ ನೋಡಿ ಅವರೇ ಮುಗಿಸಿದರು. ದನಿ ಒಪ್ಪಿತು. ಮುದುಕ ಎದ್ದು ಕೂತ. ಅದೇ ಹಳೆಯ ಮುಖ, ಅದೇ ಚೀಟಿಗಳು, ಇನ್ನೂರು ಹೆಸರು ಚಾಚೂ ತಪ್ಪದೆ.

"ನೋಡಿದ್ರಾ?" ಎಂದು ಸರಿಮಾಡಪ್ಪ ಗೋಡೆಗೆ ಹೇಳಿ, ಅವತ್ತೇ ಗುಜರಿಯವನನ್ನು ಕರೆದು ಹಳೆಯ ದೇಹವನ್ನು ಕೊಟ್ಟುಬಿಟ್ಟರು.

ಆತ್ಮವೆಲ್ಲ ಬಂದಿತ್ತು. ಆದರೆ ಗಡಿಯಾರ ಇದ್ದದ್ದು ಆತ್ಮದಲ್ಲಲ್ಲ, ದೇಹದಲ್ಲಿ. ಹೊಸ ದೇಹದ ಗಡಿಯಾರ ಸೆಕೆಂಡಿನಷ್ಟೂ ತಪ್ಪಿಲ್ಲದ ಗಡಿಯಾರ. ಅನಾಹುತಕ್ಕೆ ಇನ್ನೇನು ಬೇಕು.

ಸೋಮವಾರ ಎಂಟೂ ಮುಕ್ಕಾಲಿಗೆ ಬಾಗಿಲು ತೆಗೆದಾಗ ನೆಲದ ಮೇಲೆ ಏಳು ಕಾಗದ ಬಿದ್ದಿದ್ದವು. ಏಳು ಜನ ಬಂದಿಲ್ಲ, ಏಳು ಜನರ ನಗು ನಮಗೆ ಮುಖ್ಯ. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಬಸ್ ಡ್ರೈವರ್ ಬಂದರು. ಬಲಗೆನ್ನೆ ಚೆಂಡಿನಷ್ಟು ಊದಿತ್ತು. ಚೀಟಿಯಲ್ಲಿ ಆರು ಇಪ್ಪತ್ತು. ಎಂದಿನಂತೆ ಕೂಡಿಸಿಕೊಂಡು ಬಂದಿದ್ದರು. ಸರಿಮಾಡಪ್ಪ ಅವರ ಕೈಗೆ ಕಾಗದವಿಟ್ಟರು.

"ನೀವು ಬಂದಿಲ್ಲ."

"ಬಂದಿದೀನಲ್ಲ."

"ಸಿಸ್ಟಮ್ ಪ್ರಕಾರ ಬಂದಿಲ್ಲ."

"ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸ್ತಿದೀನಿ. ಒಂದಿನ ಲೇಟಾಗಿಲ್ಲ. ನಿಮ್ಮ ಡಬ್ಬಿ ನನಗೆ ಬಂದಿಲ್ಲ ಅನ್ನುತ್ತಾ? ಮತ್ತೆ ಇಲ್ಲಿ ನಿಂತಿರೋ ಈ ಕೆನ್ನೆ ಯಾರದು?"

"ಆರು ವಾರ ಬಿಟ್ಟು ಬನ್ನಿ. ಸಿಸ್ಟಮ್ಮು ಹೇಳಿದ್ ಮೇಲೆ ನಾನೇನ್ ಮಾಡೋಕಾಗುತ್ತೆ?"

ಡ್ರೈವರ್ ಬೆಂಚಿನ ಮೇಲೆ ಕೂತರು. ಕಾಗದವನ್ನು ಮಡಿಸಿ, ಮಡಿಸಿ, ಇನ್ನು ಮಡಿಸಲಾರದಷ್ಟು ಸಣ್ಣದು ಮಾಡಿದರು. ಕೂತವರು ಏಳಲಿಲ್ಲ.

ಇಷ್ಟರಲ್ಲಿ ಅಕ್ಕ ಬಂದರು, ಕಂಕುಳಲ್ಲಿ ದಿಂಬು. ಸರಿಮಾಡಪ್ಪ ಹುಬ್ಬೇರಿಸಿದರು. "ನಿನಗೆ ಮನೇಲಿರು ಅಂದಿದ್ನಲ್ಲ."

"ನಾನು ಪೇಷಂಟು" ಎಂದು ಅಕ್ಕ ಚೀಟಿ ತೋರಿಸಿ, ಬೆಂಚಿನ ತುದಿಗೆ ದಿಂಬು ಹಾಕಿ ಕೂತರು. ಅದೂ ನಿಜವೇ. ಹದಿಮೂರು ವರ್ಷ ಊರಿನ ಹಲ್ಲಿಗೆಲ್ಲ ಸರದಿ ಕೊಟ್ಟವರು ತಮ್ಮ ಹುಳುಕು ಹಲ್ಲಿಗೂ ಒಂದು ಬರೆದುಕೊಂಡಿದ್ದರು.

ಹತ್ತು ಗಂಟೆಯ ಹೊತ್ತಿಗೆ ಒಳಗಿನಿಂದ ಡಾಕ್ಟರು ಗ್ಲೌಸು ಹಾಕಿದ ಕೈಗಳನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಬಂದರು. "ಇಲ್ಲಿ ಹತ್ತು ಜನ ಕೂತಿದ್ದಾರೆ. ಅಲ್ಲಿ ನನ್ನ ಕುರ್ಚಿ ಒಂದು ಗಂಟೆಯಿಂದ ಖಾಲಿ. ಇದು ಹೇಗೆ?"

"ಇವರು ಯಾರೂ ಬಂದಿಲ್ಲ ಕಣೇ."

ಡಾಕ್ಟರು ಹತ್ತು ಜನರನ್ನು ನೋಡಿದರು. ಹತ್ತು ಜನ ಡಾಕ್ಟರನ್ನು ನೋಡಿದರು. "ಬಾರದೆ ಇರೋರು ಇಷ್ಟು ನರಳ್ತಾರಾ?" ಎಂದು ಕೇಳಿ, ಡ್ರೈವರನ್ನು ಒಳಗೆ ಕರೆದರು. ಆದರೆ ಸರದಿ ಬಾರದವರ ಎಕ್ಸ್‌ರೇ ತೆರೆಯದು. ಯಾವ ಹಲ್ಲಿನ ಬೇರು ಎತ್ತ ತಿರುಗಿದೆಯೆಂದು ತಿಳಿಯದೆ ಇಕ್ಕಳ ಹಾಕುವ ಡಾಕ್ಟರಲ್ಲ ಅವರು. ಡ್ರೈವರು ಹೋದ ಹಾಗೇ ಹೊರಗೆ ಬಂದರು, ಕೆನ್ನೆ ಸಮೇತ.

ಹನ್ನೊಂದೂವರೆಗೆ ಆರೋಗ್ಯಾಧಿಕಾರಿ ಬಂದರು. ಈ ಆಸ್ಪತ್ರೆಯ ಪರವಾನಗಿಗೆ ಸಹಿ ಹಾಕುವವರು ಅವರೇ. ಆದರೆ ಅವತ್ತು ಬಂದದ್ದು ಒಂದು ದವಡೆ ಹಲ್ಲಿನ ಮಾಲೀಕರಾಗಿ. ಅವರ ಕೈಗೂ ಕಾಗದ ಹೋಯಿತು. ಓದಿದರು. ಹಿಂದೆ ತಿರುಗಿಸಿ ನೋಡಿದರು. "ನಾನು ಜನಕ್ಕೆ ನೋಟಿಸು ಕೊಡೋನು. ನನಗೇ ನೋಟಿಸಾ?"

"ನೋಟಿಸಲ್ಲ ಸಾರ್. ಅದರಲ್ಲಿ ನಿಮ್ಮ ನಗು ಮುಖ್ಯ ಅಂತ ಬರೆದಿದೆ."

"ನಗ್ತಾ ಇದೀನಾ ನಾನು?"

ನಗುತ್ತಿರಲಿಲ್ಲ. ಎರಡು ಗಂಟೆಗೆ ಯಂತ್ರ ಕೊನೆಯ ಹೆಸರು ಕರೆದು, ಅವರೂ ಇಲ್ಲವೆಂದು ಕಂಡು, "ಇಂದಿನ ಸರದಿ ಮುಗಿಯಿತು, ವಂದನೆಗಳು" ಎಂದು ಮುಗಿಸಿತು. ಬೆಂಚು, ಕುರ್ಚಿ, ಮೆಟ್ಟಿಲ ಮೇಲೆಲ್ಲ ಜನ. ಕೆಲವರು ಅಕ್ಕನನ್ನು ಕೇಳಿದರು, ಏನಿದೆಲ್ಲ ಎಂದು. ಅಕ್ಕ ಸೆರಗು ಸರಿಮಾಡಿಕೊಂಡು, "ಕೌಂಟರಿನವರನ್ನ ಕೇಳಿ" ಎಂದರು.

ಸೋಮವಾರ ಸಂಜೆಯೇ ಬಾಗಿಲ ಮೇಲೆ ಸರಿಮಾಡಪ್ಪನ ಪ್ರಕಟಣೆ ಬಂತು. "ಚೀಟಿಯಲ್ಲಿರುವುದೇ ನಿಜವಾದ ಸಮಯ. ಕೂಡಿಸತಕ್ಕದ್ದಲ್ಲ." ಅದನ್ನು ಓದಿಕೊಂಡು ಹೋದವರು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಹೀಗಾಗಿ ಮಂಗಳವಾರ ಆರು ಇಪ್ಪತ್ತರ ಚೀಟಿಯವರು ಆರು ಇಪ್ಪತ್ತಕ್ಕೇ ಬಂದು ಮುಚ್ಚಿದ ಬಾಗಿಲ ಎದುರು ನಡುಗುತ್ತ ನಿಂತರು. ಪ್ರಕಟಣೆ ನೋಡದವರು ಒಂಬತ್ತಕ್ಕೆ ಬಂದರು. ಇಬ್ಬರು, ಯಾವುದಕ್ಕೂ ಇರಲಿ ಎಂದು ಕೂಡಿಸುವ ಬದಲು ಕಳೆದುಕೊಂಡು ಬಂದಿದ್ದರು. ಅವರು ಬಂದದ್ದು ಬೆಳಗಾಗುವ ಮೊದಲೇ ಇರಬೇಕು, ಕಾವಲುಗಾರನಿಗೂ ಅವರಿಗೂ ಮಾತುಕತೆಯಾಗಿತ್ತು. ಬಾಗಿಲು ತೆರೆದಾಗ ಮೂರು ಪಂಗಡದವರೂ ಒಟ್ಟಿಗೆ ನುಗ್ಗಿದರು, ಎಲ್ಲರಿಗೂ ಕಾಗದ ಸಿದ್ಧವಿತ್ತು.

ಗಣಿತದ ಮೇಡಂ ಮುಂದೆ ಬಂದರು. ಶಾಲೆಗೆ ರಜೆ ಹಾಕಿ ಬಂದಿದ್ದರು, ಮುಂದಿನ ಹಲ್ಲು ಅರ್ಧ ಮುರಿದಿತ್ತು, ಮಾತು ಸೀಟಿಯ ಜೊತೆ ಬರುತ್ತಿತ್ತು. "ಸಾರ್, ಸಾವಧಾನವಾಗಿ ಕೇಳಿಸ್ಕೊಳ್ಳಿ. ನನ್ನ ಚೀಟಿ ಹಳೇದು. ಕೂಡಿಸಿ ಬಂದ್ರೆ ನಿಮ್ಮ ಯಂತ್ರ ಸಮಯ ಮುಗೀತು ಅನ್ನುತ್ತೆ. ಕೂಡಿಸದೆ ಬಂದ್ರೆ ನಿಮ್ಮ ಬಾಗಿಲು ಮುಚ್ಚಿರುತ್ತೆ. ಈ ಲೆಕ್ಕಕ್ಕೆ ಉತ್ತರ ಇಲ್ಲ. ಇಂಥ ಲೆಕ್ಕ ನಾನು ಪರೀಕ್ಷೆಗೆ ಕೊಟ್ಟಿದ್ರೆ ಮಕ್ಕಳ ಅಪ್ಪಂದಿರು ನನ್ನ ಅಟ್ಟಿಸ್ಕೊಂಡು ಬರ್ತಿದ್ರು."

"ಈಗ ನಾನೇನ್ ಮಾಡ್ಲಿ ಅಂತೀರಿ?"

"ತುಂಬ ಸುಲಭ. ಯಂತ್ರದ ಗಡಿಯಾರನ ಎರಡು ಗಂಟೆ ನಲವತ್ತು ನಿಮಿಷ ಸರಿಸಿ. ಆದ್ರೆ—"

"ಗೊತ್ತಾಯ್ತು ಬಿಡಿ. ನಾನು ಸರಿ ಮಾಡ್ತೀನಿ."

"ಯಾವ ಕಡೆಗೆ ಅಂತ—"

"ಮೇಡಂ, ನಾನೂ ಓದಿದೋನೇ."

ಮೇಡಂ ಬಾಯಿ ಮುಚ್ಚಿದರು. ಸೀಟಿ ಮಾತ್ರ ಸ್ವಲ್ಪ ಹೊತ್ತು ಬರುತ್ತಲೇ ಇತ್ತು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಸರಿಮಾಡಪ್ಪ ಗಟ್ಟಿಯಾಗಿ ತರ್ಕ ಮಾಡುತ್ತ ಯಂತ್ರದ ಮುಂದೆ ಕೂತರು. "ಅಕ್ಕ ಏನಂತಿದ್ಲು? ಕೂಡಿಸ್ಕೊಳ್ಳಿ ಅಂತಿದ್ಲು. ಸರಿ. ಜನ ಕೂಡಿಸೋ ಬದಲು ಯಂತ್ರನೇ ಕೂಡಿಸಿಬಿಟ್ರೆ ಆಯ್ತು." ಗಡಿಯಾರವನ್ನು ಎರಡು ಗಂಟೆ ನಲವತ್ತು ನಿಮಿಷ ಮುಂದಕ್ಕೆ ಇಟ್ಟರು. ಹಿಂದಕ್ಕೆ ಇಡಬೇಕಾದದ್ದು. ನನಗೆ ಗೊತ್ತಿತ್ತು. ಆದರೆ ಭಾನುವಾರ ಒಮ್ಮೆ ಬಾಯಿ ಹಾಕಿ ಆದ ಫಲ ಕಣ್ಣೆದುರಿಗಿತ್ತು. ನಾನು ಹಲ್ಲು ಕಚ್ಚಿಕೊಂಡು ಹಲ್ಲು ಕಟ್ಟುತ್ತ ಕೂತೆ.

ಬುಧವಾರ ಬಾಗಿಲು ತೆರೆದಾಗ ನೆಲದ ಮೇಲೆ ಹದಿನೈದು ಕಾಗದ.

ಬೆಂಚುಗಳು ತುಂಬಿದ್ದವು. ಸೋಮವಾರದವರು ಮನೆಗೆ ಹೋಗಿ ಬರುತ್ತಿದ್ದರೇ ಹೊರತು ಹಲ್ಲಿನ ಆಸೆ ಬಿಟ್ಟಿರಲಿಲ್ಲ. ಡ್ರೈವರ ಕೆನ್ನೆ ಈಗ ಎರಡು ಚೆಂಡಿನಷ್ಟಿತ್ತು. ಅಕ್ಕ ಮೂರನೆಯ ದಿನವೂ ತಮ್ಮ ತುದಿಯಲ್ಲಿ, ದಿಂಬಿನ ಮೇಲೆ. ಯಂತ್ರ ಇನ್ನೂ ಬಾರದವರನ್ನು ಒಬ್ಬೊಬ್ಬರಾಗಿ ಕರೆದು, ಬಂದು ಕೂತವರಿಗೆ ಕಾಗದ ಉಗುಳುತ್ತಿತ್ತು.

ಆರೋಗ್ಯಾಧಿಕಾರಿ ಎದ್ದು ನಿಂತರು. ಕೈಯಲ್ಲಿ ಈಗ ಮೂರು ಕಾಗದ. "ಇವತ್ತು ನನ್ನ ಹಲ್ಲು ಹೊರಗೆ ಬರ್ಬೇಕು, ಇಲ್ಲ ನಾಳೆ ನಿಮ್ಮ ಬೋರ್ಡು ಕೆಳಗೆ ಬರ್ಬೇಕು. ಎರಡರಲ್ಲಿ ಒಂದು."

ಡಾಕ್ಟರು ಬಂದರು. ಈ ಸಲ ಗ್ಲೌಸು ಕಿತ್ತು ಕೌಂಟರಿನ ಮೇಲೆ ಎಸೆದರು. "ಏನ್ರೀ ಮಾಡಿದ್ರಿ ಇದನ್ನ?"

"ಸರಿ ಮಾಡಿದೆ."

"ಸರಿಯಾಗಿದ್ದದ್ದು ಏನಾಗಿತ್ತು?"

"ಸರಿಯಾಗಿರ್ಲಿಲ್ಲ ಕಣೇ, ಆರು ವರ್ಷದಿಂದ ಗಡಿಯಾರ ತಪ್ಪು. ಯಾವನೋ ತಲೆಕೆಟ್ಟೋನು ತಪ್ಪಿಟ್ಟಿದ್ದಾನೆ, ಇವಳು ಅದನ್ನ ಮುಚ್ಚಿಟ್ಕೊಂಡು ಕೂಡಿಸ್ಕೊಂಡು ಕೂತಿದ್ದಾಳೆ. ಆ ತಲೆಕೆಟ್ಟೋನು ಸಿಕ್ಕಿದ್ರೆ—"

"ಸಿಕ್ಕಿದಾನೆ" ಎಂದರು ಅಕ್ಕ.

ಮೂರು ದಿನದಲ್ಲಿ ಅವರು ಬೆಂಚಿನಿಂದ ತಾವಾಗಿ ಆಡಿದ ಮೊದಲ ಮಾತು. ಎಲ್ಲರ ಕೆನ್ನೆಗಳೂ ಆ ಕಡೆ ತಿರುಗಿದವು.

"ಆರು ವರ್ಷದ ಹಿಂದೆ ಕರೆಂಟು ಹೋಗಿ ಬಂದಾಗ ಮುದುಕನಿಗೆ ಟೈಮು ಮರೆತಿತ್ತು. ನಾನು ಫೋನಲ್ಲಿ ನೋಡಿ ಇಡ್ತೀನಿ ಅಂದೆ. ನೀನು ಬಂದೆ. ಬಿಡಕ್ಕ, ನಾನು ಸರಿ ಮಾಡ್ತೀನಿ ಅಂದೆ. ಹಲ್ಲು ಕಟ್ಟೋರ ಕೋಣೆಗೆ ಹೋಗಿ ಗೋಡೆ ಗಡಿಯಾರ ನೋಡ್ಕೊಂಡು ಬಂದು ಇಟ್ಟೆ."

"ಅದ್ರಲ್ಲೇನು ತಪ್ಪು?"

"ಅದು ನಿಂತಿತ್ತು."

ನಾನು ತಲೆಯೆತ್ತಿ ನೋಡಿದೆ. ಇವತ್ತಿಗೂ ನಿಂತೇ ಇದೆ.

"ಆವಾಗ್ಲೇ ಹೇಳಿದ್ರೆ ಈ ಜನರ ಮುಂದೆ ನಿನ್ನ ಮರ್ಯಾದೆ ಹೋಗುತ್ತೆ ಅಂತ ನಾನು ಬಾಯಿ ಮುಚ್ಕೊಂಡು ಕೂಡಿಸಿದೆ. ಆರು ವರ್ಷ ಕೂಡಿಸಿದೆ. ನೀನು ಅದಕ್ಕೆ ಚಟ ಅಂದೆ."

ಸರಿಮಾಡಪ್ಪನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಕಾರಬೇಕೆಂದು ತಿಳಿಯಲಿಲ್ಲ. ಅಕ್ಕನ ಮೇಲೆ ಕಾರುವಂತಿಲ್ಲ, ಹೆಂಡತಿಯ ಮೇಲೆ ಸಾಧ್ಯವೇ ಇಲ್ಲ, ಅಧಿಕಾರಿಯ ಕೈಯಲ್ಲಿ ಬೋರ್ಡಿತ್ತು. ಉಳಿದದ್ದು ಸ್ವಂತ ದವಡೆ. ಅದನ್ನೇ ಕಡಿದರು. ಒಣ ಕೊಂಬೆ ಮುರಿದಂಥ ಸದ್ದು ಪ್ಲೈವುಡ್ಡು ದಾಟಿ ಬಂತು. ಮೂವತ್ತು ವರ್ಷ ಹಲ್ಲಿನ ನಡುವೆ ಕಳೆದವನಿಗೆ ಆ ಸದ್ದು ಸಾಕು: ಕೆಳಗಿನ ಎಡ ದವಡೆ, ಹಿಂದಿನಿಂದ ಎರಡನೆಯದು, ಬೇರಿನವರೆಗೆ.

"ಅಯ್ಯೋ" ಎಂದರು, ಬಲು ಮೆತ್ತಗೆ. "ನೋಡೇ, ಹಲ್ಲು."

ಡಾಕ್ಟರು ನೋಡಲಿಲ್ಲ. "ಸರದಿ ಪ್ರಕಾರ. ಚೀಟಿ ತಗೊಂಡು ಬನ್ನಿ."

ಕೌಂಟರಿನ ಹಿಂದೆ ಯಾರೂ ಇರಲಿಲ್ಲ. ಅಕ್ಕ ದಿಂಬು ಎತ್ತಿಕೊಂಡು ಎದ್ದರು. ತಮ್ಮನ ಪಕ್ಕದಲ್ಲೇ ಹಾದು ಒಳಗೆ ಹೋಗಿ, ಹದಿಮೂರು ವರ್ಷದ ಕುರ್ಚಿಯ ಮೇಲೆ ದಿಂಬು ಹಾಕಿ, ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ಪರದೆಯನ್ನು ತಮ್ಮ ಕಡೆಗಷ್ಟೇ ಕಾಣುವಂತೆ ತಿರುಗಿಸಿದರು. ಕೀಲಿಗಳು ಟಕಟಕ ಎಂದವು. ಉಗುಳುತ್ತಿದ್ದ ಕಾಗದ ನಿಂತಿತು. ಆ ಮೌನದಲ್ಲಿ ಇಪ್ಪತ್ತು ಜನ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪದ್ಯ ಮುಗಿದು ಅಜ್ಜಿ ಪುಸ್ತಕ ಮುಚ್ಚಿದಾಗ ಮನೆ ಹೀಗೇ ಉಸಿರು ಬಿಡುತ್ತಿತ್ತು. ಅಕ್ಕ ರದ್ದಾದ ಹೆಸರುಗಳನ್ನು ಒಂದೊಂದಾಗಿ ಮತ್ತೆ ಬರೆದರು. ಮೊದಲು ಡ್ರೈವರು, ಆಮೇಲೆ ಮೇಡಂ, ಆಮೇಲೆ ಅಧಿಕಾರಿ. ಪ್ರತಿಯೊಬ್ಬರಿಗೂ ಚೀಟಿ ಹರಿದು ಕೊಟ್ಟರು, ಪ್ರತಿಯೊಬ್ಬರ ಕಿವಿಯಲ್ಲೂ ಒಂದು ಮಾತು ಹೇಳಿದರು. ಅವರೆಲ್ಲ ತಲೆಯಾಡಿಸಿ ಹೋಗಿ ಕೂತರು. ಆ ಮಾತು ಏನೆಂದು ನನ್ನಂಥ ಕಿವಿಗೂ ಬೀಳಲಿಲ್ಲ.

ಕೊನೆಗೆ ಸರಿಮಾಡಪ್ಪ ಕೆನ್ನೆ ಒತ್ತಿ ಹಿಡಿದು ನಿಂತರು. ಚೀಟಿ ಬಂತು. ಹನ್ನೊಂದು ಇಪ್ಪತ್ತು. ಅವರು ಕಾದರು. ಅಕ್ಕ ಮುಂದೇನೂ ಹೇಳಲಿಲ್ಲ, ಪೆನ್ನಿನ ಮುಚ್ಚಳ ಹಾಕಿದರು.

"ಅಕ್ಕ, ಇದು ಹನ್ನೊಂದು ಇಪ್ಪತ್ತೋ, ಎರಡು ಗಂಟೆಯೋ?"

ಅಕ್ಕ ರದ್ದಾದ ಕಾಗದಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದರು.

ಅವರು ಬೆಂಚಿನ ಕಡೆ ತಿರುಗಿದರು. ಡ್ರೈವರು ಛಾವಣಿ ನೋಡುತ್ತಿದ್ದರು. ಮೇಡಂ ಹಳೆಯ ಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಆರೋಗ್ಯಾಧಿಕಾರಿ ಮೂರು ದಿನದಲ್ಲಿ ಮೊದಲ ಸಲ ನಗುತ್ತಿದ್ದರು.

"ಅಕ್ಕ, ನೋವು ತಡಿಯೋಕಾಗ್ತಿಲ್ಲ. ಕೂಡಿಸ್ಬೇಕಾ, ಬೇಡ್ವಾ? ಅಷ್ಟು ಹೇಳಿಬಿಡು, ನಿನ್ನ ದಮ್ಮಯ್ಯ."

"ಹೇಳಲ್ಲ" ಎಂದರು ಅಕ್ಕ.